ಅಂಗಿಯೊಡನೆ ಬರುವ ಸೀಸ

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿಯೂ ನಮ್ಮ ಮನೆಗಳಲ್ಲಿಯೂ ವಿದ್ಯುತ್ತು ಹೋದಾಗ ನೆರವಾಗುವ ಬ್ಯಾಟರಿಗಳನ್ನು ವಾಚಕರು ಬಲ್ಲರು. ಅವುಗಳ ಫಲಕಗಳು ಬಹುಮಟ್ಟಿಗೆ ಸೀಸವೇ. ಹಳೆಯ ಗಣಕಯಂತ್ರಗಳ ಬೆಸುಗೆಯಲ್ಲಿಯೂ ನೂರಕ್ಕೆ ಸುಮಾರು 37 ಪಾಲು ಸೀಸವುಂಟು. ಈ ಲೋಹವು 327 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿಯೇ ಕರಗುವುದರಿಂದ, ಗುಜರಿಯ ಹಿತ್ತಲಲ್ಲಿ ಒಲೆ ಹೂಡಿದರೂ ಕೆಲಸ ಸಾಗುತ್ತದೆ. ಈ ಸೌಲಭ್ಯವೇ ಅನರ್ಥಕ್ಕೆ ಮೂಲ. ಹೊಗೆಯೂ ಧೂಳೂ ಕೆಲಸಗಾರನ ರಕ್ತವನ್ನು ಸೇರುವುವು. ಸೀಸವು ಎಲುಬಿನಲ್ಲಿ ವರ್ಷಗಟ್ಟಲೆ ನೆಲೆಸುವುದು. ರಕ್ತಹೀನತೆ, ಹೊಟ್ಟೆನೋವು, ಕೈಗಳ ನಿಶ್ಶಕ್ತಿ ಇದರ ಕುರುಹುಗಳು.

ಕೇಡು ಅಲ್ಲಿಗೇ ನಿಲ್ಲದು. ಅಂಗಿಗೆ ಅಂಟಿದ ಧೂಳು ಮನೆಗೂ ಬಂದು, ತಂದೆಯ ತೊಡೆಯೇರುವ ಕೂಸಿನ ಬುದ್ಧಿಯನ್ನು ಕುಂದಿಸುತ್ತದೆ. ಇಷ್ಟು ಸೀಸವು ನಿರಪಾಯವೆಂಬ ಮಿತಿಯೇ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಡಾ. ತುಪ್ಪಿಲ್ ವೆಂಕಟೇಶರು ಬಹುಕಾಲ ಈ ವಿಷವನ್ನು ಕುರಿತು ಜನರನ್ನು ಎಚ್ಚರಿಸಿದರು.

ಆದುದರಿಂದ ಈ ಕಸುಬಿನವರು ಕೆಲಸದ ಸ್ಥಳದಲ್ಲಿಯೇ ಮಿಂದು, ಬಟ್ಟೆ ಬದಲಿಸಿ ಮನೆಗೆ ಬರತಕ್ಕದ್ದು. ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯತಕ್ಕದ್ದು. ಆಗಾಗ ರಕ್ತವನ್ನು ಪರೀಕ್ಷಿಸಿಕೊಳ್ಳತಕ್ಕದ್ದು. ಇನ್ನು ನಮ್ಮ ಕರ್ತವ್ಯ: ಹಳೆಯ ಬ್ಯಾಟರಿಯನ್ನು ಕಂಡವರಿಗೆ ಮಾರದೆ, 2022ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅಧಿಕೃತ ಸಂಗ್ರಾಹಕರಿಗೇ ಒಪ್ಪಿಸುವುದು. ನಾಲ್ಕು ಕಾಸಿನಾಸೆಗೆ ನಾವು ಮಾರಿದ ವಸ್ತುವು ಇನ್ನೊಬ್ಬರ ತೊಟ್ಟಿಲಿಗೆ ವಿಷವಾಗದಿರಲಿ.