ಪ್ಲೇಟ್ ಹಾಕಿಸಿದರೆ ಬ್ರೇಕ್ ಬಲವಾಗುತ್ತಾ?

ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆ ಪಿಕಪ್‌ಗೆ ಒಂದೆರಡು ಪ್ಲೇಟ್ ಜಾಸ್ತಿ ಹಾಕಿಸುವ ಮಾತು ಶುರು. ಹಸಿ ಗೊನೆ, ಗೊಬ್ಬರ ಹೇರಿದರೂ ಗಾಡಿಯ ಹಿಂಭಾಗ ಕೂರುವುದಿಲ್ಲ, ನಿಜ. ಸೋತ ಪ್ಲೇಟ್ ಬದಲಿಸುವುದಕ್ಕೆ ನಮ್ಮ ತಕರಾರೂ ಇಲ್ಲ. ಆದರೆ ಗಾಡಿ ಕೂರಲಿಲ್ಲ ಅಂತ ಇನ್ನೂ ಐದು ಕ್ವಿಂಟಾಲ್ ಹೇರುತ್ತೇವಲ್ಲ, ಎಡವಟ್ಟು ಅಲ್ಲೇ. ಬ್ರೇಕ್, ಆಕ್ಸಲ್, ಟೈರು ಹಳೆಯವೇ. ಮಳೆಯಲ್ಲಿ ಇಳಿಜಾರು ಇಳಿಯುವಾಗ ಗಾಡಿ ಹಿಡಿಯುವುದು ಪ್ಲೇಟಲ್ಲ. ಖಾಲಿ ಬರುವಾಗಂತೂ ಗಟ್ಟಿ ಪ್ಲೇಟಿಗೆ ಹಿಂದಿನ ಚಕ್ರ ಕುಪ್ಪಳಿಸಿ ಹಿಡಿತ ತಪ್ಪುತ್ತದೆ.

ಆರ್‌ಸಿಯಲ್ಲಿರುವ ತೂಕವೂ ಹೆಚ್ಚುವುದಿಲ್ಲ. ಮೀರಿದರೆ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್‌ನಲ್ಲಿ ದಂಡ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000. ಅಷ್ಟು ದುಡ್ಡಿಗೆ ಎಷ್ಟು ಟ್ರಿಪ್ಪಿನ ಡೀಸೆಲ್ ಬರುತ್ತದೆ, ಲೆಕ್ಕ ಹಾಕಿ. ಒಂದೇ ಲೋಡಿನ ಹಟ ಬಿಟ್ಟು ಎರಡು ಟ್ರಿಪ್ ಹೊಡೆಯೋಣ. ಗ್ಯಾರೇಜಿಗೆ ಹೋದರೆ ಮೊದಲು ಬ್ರೇಕ್ ಲೈನರ್ ನೋಡಿಸೋಣ.