ಫಾರ್ಮ್ಯಾಟ್ ಕೊನೆಯ ಮದ್ದು, ಮೊದಲನೆಯದಲ್ಲ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - ಈ ಐದು ತಾಲೂಕುಗಳಲ್ಲಿ ಎಲ್ಲಿ ಕೇಳಿದರೂ ಕೆಟ್ಟ ಕಂಪ್ಯೂಟರಿಗೆ ಹೇಳುವ ಮದ್ದು ಒಂದೇ: "ಫಾರ್ಮ್ಯಾಟ್ ಹೊಡ್ಸಿಬಿಡ್ರಿ." ನಡುವೆ ತಾನಾಗಿ ಆಫ್ ಆದರೂ ಫಾರ್ಮ್ಯಾಟ್, ನೀಲಿ ಪರದೆ ಬಂದರೂ ಫಾರ್ಮ್ಯಾಟ್, ನಿಧಾನವಾದರೂ ಫಾರ್ಮ್ಯಾಟ್. ಅಂದರೆ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ತೋಟದ ಮೋಟರ್ ನಿಂತರೆ ನಾವು ಮೊದಲು ಕರೆಂಟ್ ನೋಡುತ್ತೇವೆ, ಫ್ಯೂಸ್ ನೋಡುತ್ತೇವೆ, ಸ್ಟಾರ್ಟರ್ ನೋಡುತ್ತೇವೆ. ಸೀದಾ ಹೊಸ ಬೋರ್ ಕೊರೆಸಲು ಯಾರೂ ಹೋಗುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೆ?

ಅಳಿಸಿಹೋಗುವುದು ಏನು ಎಂದು ಯೋಚಿಸಿ. ಪಹಣಿ ಹೋದರೆ ಚಿಂತೆಯಿಲ್ಲ. 'ಭೂಮಿ' ಯೋಜನೆ ಬಂದ ಮೇಲೆ ಅದರ ಮೂಲ ಸರ್ಕಾರದ ಕಂಪ್ಯೂಟರಿನಲ್ಲಿದೆ, ಎಷ್ಟು ಸಲ ಬೇಕಾದರೂ ಮತ್ತೆ ತೆಗೆಯಬಹುದು. ಬ್ಯಾಂಕಿನ ಲೆಕ್ಕವೂ ಬ್ಯಾಂಕಿನಲ್ಲಿದೆ. ಆದರೆ ನೀವು ಬರೆದಿಟ್ಟ ಮಳೆ ಲೆಕ್ಕ, ಯಾವ ದಿನ ಯಾವ ಔಷಧ ಹೊಡೆದಿರಿ, ಯಾವ ಮಂಡಿಯಲ್ಲಿ ಏನು ದರ ಸಿಕ್ಕಿತು, ಆಳಿನ ಕೂಲಿ, ಕೈಸಾಲದ ಬಾಬತ್ತು, ಮಗಳ ಮದುವೆಯ ಫೋಟೋ - ಇವಕ್ಕೆ ಎರಡನೇ ಪ್ರತಿ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ.

ನನಗೆ ಗೊತ್ತಿರುವ ದಾಳಿಂಬೆ ಬೆಳೆಗಾರರೊಬ್ಬರು ಒಂಬತ್ತು ವರ್ಷದ ಇಂಥ ಲೆಕ್ಕ ಕಳೆದುಕೊಂಡರು. ಯಂತ್ರ ಆಗಾಗ ಆಫ್ ಆಗುತ್ತಿತ್ತು. ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಅಂಗಡಿಗೆ ಕೊಟ್ಟರು. ಸಂಜೆಗೆ ಫಾರ್ಮ್ಯಾಟ್ ಆಗಿ ಬಂತು. ಎಂಟು ದಿನಕ್ಕೆ ಮತ್ತೆ ಅದೇ ರೋಗ! ಕೊನೆಗೆ ನೋಡಿದರೆ ಕೆಟ್ಟಿದ್ದು ವಿಂಡೋಸ್ ಅಲ್ಲ, ಒಳಗಿನ ಎಸ್‌ಎಂಪಿಎಸ್, ಅಂದರೆ ಕರೆಂಟ್ ಪೆಟ್ಟಿಗೆ. ಅದನ್ನು ಬದಲಿಸಿದ ಮೇಲೆ ಯಂತ್ರ ಸರಿಹೋಯಿತು. ಲೆಕ್ಕ ಮಾತ್ರ ಬರಲಿಲ್ಲ.

ಅಂಗಡಿಯ ಹುಡುಗರನ್ನು ಬೈದು ಪ್ರಯೋಜನವಿಲ್ಲ. ಫಾರ್ಮ್ಯಾಟ್ ಒಂದೆರಡು ಗಂಟೆಯ ಕೆಲಸ. ರೋಗದ ಕಾರಣ ಹುಡುಕಲು ಇಡೀ ದಿನ ಬೇಕಾದೀತು. ಹುಡುಕಿದ್ದಕ್ಕೆ ನಾವು ದುಡ್ಡು ಕೊಡುತ್ತೇವೆಯೇ? "ಬರೇ ನೋಡಿದ್ದಕ್ಕೇನು ರೊಕ್ಕ?" ಅಂತ ಕೇಳುವವರು ನಾವೇ. ಕಾರಣ ಹುಡುಕುವ ಕೆಲಸಕ್ಕೆ ಕೂಲಿ ಕೊಡದಿದ್ದರೆ ಯಾರೂ ಹುಡುಕುವುದಿಲ್ಲ. ಹಾಗಾಗಿ ಅರ್ಧ ಹುಡುಕಾಟವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಲೇಸು ಎಂಬುದು ನನ್ನ ವಾದ.

ಮೊದಲು ಕರೆಂಟ್, ಆಮೇಲೆ ಧೂಳು

ನಮ್ಮ ಕಡೆ ವೋಲ್ಟೇಜ್ ಏರಿಳಿತ ಹೇಳಬೇಕಾದ್ದಿಲ್ಲ. ಪಕ್ಕದಲ್ಲಿ ಮೋಟರ್ ಶುರುವಾದ ಹೊತ್ತಿಗೇ ಕಂಪ್ಯೂಟರ್ ಆಫ್ ಆಗುತ್ತದೆಯೇ ಎಂದು ಗಮನಿಸಿ, ಒಂದು ವಾರ ಸಮಯ ಬರೆದಿಡಿ. ಯುಪಿಎಸ್‌ನ ಬ್ಯಾಟರಿ ಸತ್ತಿದ್ದರೆ ಅದು ಇದ್ದೂ ಇಲ್ಲದಂತೆ. ಮೂರು ಪಿನ್ನಿನ ಪ್ಲಗ್ಗಿಗೆ ನಿಜವಾದ ಅರ್ಥಿಂಗ್ ಇದೆಯೇ ನೋಡಿಸಿ. ಮಲ್ಟಿಮೀಟರ್ ಬಳಸಲು ಬರುವವರು ಡಿಸ್ಕಿಗೆ ಹೋಗುವ ವೈರಿನಲ್ಲಿ ಅಳೆಯಬಹುದು: ಹಳದಿಯಲ್ಲಿ 11.4ರಿಂದ 12.6 ವೋಲ್ಟ್, ಕೆಂಪಿನಲ್ಲಿ 4.75ರಿಂದ 5.25 ಇರಬೇಕು. ಇದರ ಹೊರಗಿದ್ದರೆ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಆದರೆ ಆ ಪೆಟ್ಟಿಗೆಯನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ನಿಂತಿರುತ್ತದೆ.

ಆಮೇಲೆ ಧೂಳು ಮತ್ತು ಬಿಸಿ. ನಮ್ಮ ಕೆಂಪು ಮಣ್ಣಿನ ಧೂಳು ಫ್ಯಾನಿಗೆ ಮೆತ್ತಿದರೆ, ಏಪ್ರಿಲ್-ಮೇ ಬಿಸಿಲಿಗೆ ಪ್ರೊಸೆಸರ್ ಕಾದು ತನ್ನ ಜೀವ ಉಳಿಸಿಕೊಳ್ಳಲು ತಾನೇ ಆಫ್ ಆಗುತ್ತದೆ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ಕೈಕೊಟ್ಟರೆ ಇದನ್ನೇ ಮೊದಲು ನೋಡಿ. ಪ್ಲಗ್ ತೆಗೆದು, ಬ್ರಷ್ಷಿನಿಂದ ಧೂಳು ಕೊಡವಿ. ರ್ಯಾಮ್ ಪಟ್ಟಿ ಎರಡಿದ್ದರೆ ಒಂದೊಂದನ್ನೇ ಹಾಕಿ ಓಡಿಸಿ. ಒಂದರಲ್ಲಿ ಸರಿ, ಇನ್ನೊಂದರಲ್ಲಿ ತೊಂದರೆ ಎಂದರೆ ಕಳ್ಳ ಸಿಕ್ಕಿದ ಹಾಗೆ. ತಾರೀಖು ಪದೇ ಪದೇ ಹಿಂದಕ್ಕೆ ಹೋಗಿ ಬ್ಯಾಂಕಿನ ಪುಟ ತೆರೆಯದಿದ್ದರೆ, ಸಾಮಾನ್ಯವಾಗಿ ಬೋರ್ಡಿನ ಮೇಲಿನ ಬಿಲ್ಲೆಯಂಥ ಬ್ಯಾಟರಿ (ಸಿಆರ್ 2032) ಮುಗಿದಿದೆ ಎಂದೇ ಅರ್ಥ. ಇಂಥದ್ದಕ್ಕೂ ಫಾರ್ಮ್ಯಾಟ್ ಹೊಡೆಸಿದವರಿದ್ದಾರೆ!

ತಪ್ಪು ಯಾರದು?

ಇದನ್ನು ತಿಳಿಯಲು ಒಳ್ಳೆಯ ಪರೀಕ್ಷೆ ಒಂದಿದೆ. ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಡಿಸ್ಕ್ ಮುಟ್ಟದೆ ಅದರಿಂದಲೇ ಕಂಪ್ಯೂಟರ್ ಓಡಿಸಬಹುದು. ಹೀಗೆ ಓಡಿಸಿದಾಗಲೂ ಅದೇ ರೀತಿ ಆಫ್ ಆದರೆ ವಿಂಡೋಸ್ ತಪ್ಪಿಲ್ಲ, ಯಂತ್ರದ್ದೇ ತೊಂದರೆ. ಫಾರ್ಮ್ಯಾಟ್ ದಂಡ. ದಿನವಿಡೀ ಸುಖವಾಗಿ ಓಡಿದರೆ ವಿಂಡೋಸ್ ಅಥವಾ ಡಿಸ್ಕ್ ಮೇಲೆ ಅನುಮಾನ ಹೋಗಬೇಕು. ಇನ್ನೊಂದು ಲಾಭ: ವಿಂಡೋಸ್ ಏಳದೇ ಮಲಗಿದ್ದರೂ ಈ ದಾರಿಯಲ್ಲಿ ಕಡತಗಳನ್ನು ಹೊರಗೆ ಕಾಪಿ ಮಾಡಿಕೊಳ್ಳಬಹುದು. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ ಅದರ ರಿಕವರಿ ಕೀ ಬೇಕು. ಯಂತ್ರ ಚೆನ್ನಾಗಿರುವಾಗಲೇ ಆ ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ತಪ್ಪು ವಿಂಡೋಸಿನದೇ ಆದರೂ ಎಲ್ಲವನ್ನೂ ಅಳಿಸಬೇಕಿಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ಹೊದ್ದು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಮದ್ದೇನು ಗೊತ್ತೇ? ಸೇಫ್ ಮೋಡಿನಲ್ಲಿ ತೆರೆದು ಆ ಒಂದು ಕೆಟ್ಟ ಕಡತವನ್ನು ತೆಗೆಯುವುದು, ಅಷ್ಟೇ. ವಿಮಾನ ಕಂಪನಿಗಳ ಯಂತ್ರಕ್ಕೆ ಸಾಕಾದ ತಾಳ್ಮೆ ನಮ್ಮ ಮನೆಯ ಯಂತ್ರಕ್ಕೆ ಯಾಕೆ ಬೇಡ? ಇತ್ತೀಚೆಗೆ ಹಾಕಿದ ಪ್ರೋಗ್ರಾಂ ತೆಗೆದುನೋಡಿ. ಸಿಸ್ಟಮ್ ರಿಸ್ಟೋರ್ ಇದೆ. 'ನನ್ನ ಕಡತಗಳನ್ನು ಉಳಿಸು' ಎಂಬ ಆಯ್ಕೆಯ ರೀಸೆಟ್ ಇದೆ. ಅದರಲ್ಲಿ ಪ್ರೋಗ್ರಾಂಗಳು ಹೋಗುತ್ತವೆ, ಬರಹ-ಫೋಟೋ ಉಳಿಯುತ್ತವೆ. ಆದರೂ ಮೊದಲು ಕಾಪಿ ಮಾಡಿಯೇ ಮುಂದುವರಿಯಿರಿ.

ಹೊಸದಾಗಿ ಹಾಕುವುದೇ ಆದರೆ

ಕೆಲವೊಮ್ಮೆ ಹಾಕಲೇಬೇಕಾಗುತ್ತದೆ. ವೈರಸ್ ಹೊಕ್ಕಿರುತ್ತದೆ, ಅಥವಾ ಡಿಸ್ಕ್ ಬದಲಿಸಿರುತ್ತೀರಿ. ಆಗ ಮೊದಲ ಕೆಲಸ ಕಡತಗಳನ್ನು ಹೊರಗಿನ ಡಿಸ್ಕಿಗೆ ಹಾಕಿ, ಅದನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡುವುದು. ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ಟ್ಯಾಲಿಯ ಡೇಟಾ ಫೋಲ್ಡರ್ ಮರೆಯಬೇಡಿ. ವಿಂಡೋಸ್ ಹಾಕುವ ಪೆನ್‌ಡ್ರೈವ್ ಮಾಡಲು 8 ಜಿಬಿಯದು ಸಾಕು. ಮಾಡುವ ಸಾಧನ ಮೈಕ್ರೋಸಾಫ್ಟ್ ತಾಣದಲ್ಲಿ ಉಚಿತ. ಅಸಲಿ ವಿಂಡೋಸ್ ಇದ್ದ ಯಂತ್ರಕ್ಕೆ ಅದೇ ಆವೃತ್ತಿ ಹಾಕಿದರೆ ಇಂಟರ್ನೆಟ್ ಜೋಡಿಸಿದ ಮೇಲೆ ಸಾಮಾನ್ಯವಾಗಿ ತಾನೇ ಗುರುತು ಹಿಡಿಯುತ್ತದೆ. ಹೀಗಿರುವಾಗ ಕದ್ದ ವಿಂಡೋಸನ್ನು ಯಾಕೆ ಹಾಕಿಸಿಕೊಳ್ಳಬೇಕು?

ಕನ್ನಡದವರಿಗೆ ಒಂದು ವಿಶೇಷ ಎಚ್ಚರಿಕೆ. ಹಳೆಯ ನುಡಿ, ಬರಹಗಳಲ್ಲಿ ಟೈಪ್ ಮಾಡಿದ ಕಡತಗಳು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇರುವುದಿಲ್ಲ. ತೆರೆದಾಗ ಇಂಗ್ಲಿಷ್ ಅಕ್ಷರ, ಚುಕ್ಕೆ ಚಿಹ್ನೆಗಳ ಕಸ ಕಾಣುತ್ತದೆ. "ಕಡತ ಕೆಟ್ಟೋಗೈತಿ" ಅಂತ ಅಳಿಸಬೇಡಿ. ಫಾಂಟ್ ಮತ್ತೆ ಹಾಕಿದರೆ ಅಕ್ಷರ ಮರಳುತ್ತದೆ. ಆ ಫಾಂಟುಗಳನ್ನೂ ಮೊದಲೇ ಕಾಪಿ ಮಾಡಿಡಿ. ಇನ್ನು ಮುಂದೆ ಯೂನಿಕೋಡಿನಲ್ಲೇ ಬರೆಯಿರಿ. ಯಾವ ಯಂತ್ರದಲ್ಲೂ ಈ ಗೋಳಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ 4 ಜಿಬಿ ರ್ಯಾಮ್ ಜೊತೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಮತ್ತು ತಕ್ಕ ಪ್ರೊಸೆಸರ್ ಬೇಕು. ಕಚೇರಿಗಳು ಬಿಟ್ಟು ನಮ್ಮ ಕಡೆ ಸೆಕೆಂಡ್ ಹ್ಯಾಂಡಾಗಿ ಬಂದ ಎಷ್ಟೋ ಯಂತ್ರಗಳಿಗೆ ಇದು ಹತ್ತುವುದಿಲ್ಲ. ಅವನ್ನು ಗುಜರಿಗೆ ಹಾಕಬೇಡಿ. ಇಂಟರ್ನೆಟ್, ಪತ್ರ, ಲೆಕ್ಕದ ಹಾಳೆಗೆ ಲಿನಕ್ಸ್ ಸಾಕು. ಟ್ಯಾಲಿ ಬಳಸುವವರಿಗೆ ಮಾತ್ರ ವಿಂಡೋಸೇ ಬೇಕಾಗುತ್ತದೆ.

ಊರಿಗೊಂದು ಪೆಟ್ಟಿಗೆ

ನನ್ನ ಸಲಹೆ ಇಷ್ಟು. ಪ್ರತಿ ಊರಿನ ಸಂಘವೋ ಪಂಚಾಯ್ತಿ ಗ್ರಂಥಾಲಯವೋ ಒಂದು ಪೆಟ್ಟಿಗೆ ಇಟ್ಟುಕೊಳ್ಳಲಿ. ಅದರಲ್ಲಿ ವಿಂಡೋಸ್ ಪೆನ್‌ಡ್ರೈವ್, ಲಿನಕ್ಸ್ ಪೆನ್‌ಡ್ರೈವ್, ಕಾಪಿ ಮಾಡಲು ಒಂದು ಡಿಸ್ಕ್, ಮಲ್ಟಿಮೀಟರ್, ಚೆನ್ನಾಗಿರುವ ಒಂದು ಎಸ್‌ಎಂಪಿಎಸ್, ನಾಲ್ಕು ಬಿಲ್ಲೆ ಬ್ಯಾಟರಿ, ಒಂದು ಸ್ಕ್ರೂಡ್ರೈವರ್ ಇರಲಿ. ಕಾಲೇಜು ಓದುವ ಮಕ್ಕಳು ಇಬ್ಬರು ಕಲಿತರೆ ಸಾಕು. ಅವರಿಗೆ ಕೂಲಿ ಕೊಡೋಣ. ಹೊಸಪೇಟೆಗೋ ದಾವಣಗೆರೆಗೋ ಕಂಪ್ಯೂಟರ್ ಹೊತ್ತು ಒಂದು ದಿನ ಕೆಡಿಸಿಕೊಳ್ಳುವುದಕ್ಕಿಂತ ಇದು ಅಗ್ಗ.

ಹೊರಗೆ ರಿಪೇರಿಗೆ ಕೊಡುವುದಾದರೂ ಒಂದು ಚೀಟಿ ಅಂಟಿಸಿ ಕೊಡಿ: "ಕೇಳದೆ ಫಾರ್ಮ್ಯಾಟ್ ಮಾಡಬಾರದು. ಕಾರಣ ಹುಡುಕಿದರೆ ಅದರ ಕೂಲಿ ಬೇರೆ ಕೊಡುತ್ತೇವೆ." ಈಗಾಗಲೇ ಇಂಥ ಪೆಟ್ಟಿಗೆ ಮಾಡಿಕೊಂಡ ಊರುಗಳಿದ್ದರೆ, ಏನು ಉಪಯೋಗಕ್ಕೆ ಬಂತು, ಏನು ಬರಲಿಲ್ಲ ಎಂದು ಪತ್ರಿಕೆಗೆ ಬರೆದು ತಿಳಿಸಿ.