ದೇಹಸಾಧನೆ: ಕೆಳಗಿದ್ದೂ ಸೋಲದಿರುವ ಬಗೆ

ವಾಚಕ ಮಹನೀಯರೊಬ್ಬರು ಹೋದ ತಿಂಗಳು ನಮಗೊಂದು ಪತ್ರವನ್ನು ಬರೆದಿರುವರು. ಅವರ ಹದಿಮೂರು ವರ್ಷದ ಮಗಳು ಆರು ತಿಂಗಳಿಂದ ಜೂಜಿತ್ಸು ವಿದ್ಯೆಯನ್ನು ಕಲಿಯುತ್ತಿರುವಳು. ಮೈಕಟ್ಟು ಸಣ್ಣದು, ಜೊತೆಯಲ್ಲಿ ಕಲಿಯುವ ಮಕ್ಕಳೆಲ್ಲರೂ ಅವಳಿಗಿಂತ ದೊಡ್ಡವರು. ದಿನವೂ ಕೆಳಗೆ ಬೀಳುವುದು, ಯಾರಾದರೂ ಮೇಲೇರಿ ಕುಳಿತುಕೊಳ್ಳುವುದು, ಮನೆಗೆ ಬಂದು ಮುಖ ಬಾಡಿಸಿಕೊಂಡು ಕೂರುವುದು, ಇದೇ ಆಗಿರುವುದಂತೆ. ಗುರುಗಳು ಮಾತ್ರ, "ಬೆನ್ನ ಮೇಲೆ ಮಲಗಿಕೊಂಡೇ ಹೋರಾಡುವುದನ್ನು ಕಲಿ" ಎನ್ನುತ್ತಿರುವರು. ಅದನ್ನು ಕೇಳಿ, ಪ್ರಾಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡಿದ್ದ ಅವಳ ಅಜ್ಜಯ್ಯನವರು, "ಬೆನ್ನು ಮಣ್ಣಿಗೆ ಮುಟ್ಟಿದ ಮೇಲೆ ಇನ್ನೆಂಥ ಕುಸ್ತಿ? ಬಿಡಿಸಿಬಿಡು" ಎಂದಿರುವರು. ಬಿಡಿಸಬೇಕೆ, ಮುಂದುವರಿಸಬೇಕೆ ಎಂಬುದು ತಂದೆಯ ಪ್ರಶ್ನೆ.

ಅಜ್ಜಯ್ಯನವರ ಮಾತು ತಪ್ಪಲ್ಲ. ನಮ್ಮ ಗರಡಿಮನೆಗಳ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ನೆಲಕ್ಕೆ ಮುಟ್ಟಿಸಿದವನೇ ಗೆದ್ದವನು. ಅಲ್ಲಿಗೆ ಆಟ ಮುಗಿಯಿತು. ಆದರೆ ಗುರುಗಳು ಕಲಿಸುತ್ತಿರುವ ವಿದ್ಯೆಯು ಆಟ ಮುಗಿಯಿತೆಂದು ನಾವು ತಿಳಿಯುವ ಸ್ಥಳದಿಂದಲೇ ಆರಂಭವಾಗತಕ್ಕದ್ದು. ಬೀದಿಯಲ್ಲಿ ಹುಡುಗಿಯೊಬ್ಬಳನ್ನು ದುಷ್ಟನೊಬ್ಬನು ಕೆಡವಿದನೆನ್ನಿ. ಬೆನ್ನು ನೆಲಕ್ಕೆ ಮುಟ್ಟಿತೆಂದು ತೀರ್ಪು ಹೇಳಿ ಅವನನ್ನು ಎಬ್ಬಿಸುವ ಪಂಚರು ಅಲ್ಲಿ ಇರುವುದಿಲ್ಲ. ಅನಂತರ ಏನು ಮಾಡಬೇಕೆಂಬುದನ್ನು ಯಾರಾದರೂ ಕಲಿಸಲೇಬೇಕಷ್ಟೆ.

ಮಲಗಿದವನು ತನ್ನ ಎರಡು ಕಾಲುಗಳನ್ನೂ ಮೇಲಿರುವವನಿಗೂ ತನಗೂ ನಡುವೆ ಇರಿಸಿಕೊಂಡು ಹೋರಾಡುವ ಭಂಗಿಗೆ ಆಂಗ್ಲರು 'ಗಾರ್ಡ್' ಎನ್ನುವರು. ನಾವು ಅದನ್ನು ಕಾವಲು ಎಂದು ಕರೆಯೋಣ. ಜಪಾನಿನಲ್ಲಿ ಕಾನೋ ಜಿಗೊರೋ ಎಂಬವರು 1882ರಲ್ಲಿ ಸ್ಥಾಪಿಸಿದ ಜೂಡೋ ಪದ್ಧತಿಯಲ್ಲಿ ನೆಲದ ಮೇಲಿನ ಪಟ್ಟುಗಳೂ ಸೇರಿದ್ದವು. ಆ ಪದ್ಧತಿಯಲ್ಲಿ ಪಳಗಿದ ಮಾಯೆದಾ ಮಿತ್ಸುಯೊ 1914ರಲ್ಲಿ ಬ್ರೆಜಿಲ್ ದೇಶಕ್ಕೆ ಹೋದರು. ಅವರಿಂದ ಕಲಿತ ಕಾರ್ಲೋಸ್ ಗ್ರೇಸಿ, ಅವರ ತಮ್ಮ ಹೇಲಿಯೋ ಗ್ರೇಸಿ ಮೊದಲಾದವರು ಈ ನೆಲದ ಹೋರಾಟವನ್ನೇ ಮುಖ್ಯವಾಗಿ ಬೆಳೆಸಿದರು. ಹೇಲಿಯೋ ಸಣ್ಣ ದೇಹದವರು; ಬಲದಿಂದ ಗೆಲ್ಲಲಾಗದವನು ಕೆಳಗಿದ್ದುಕೊಂಡು ಹೇಗೆ ಉಳಿಯಬಹುದೆಂಬುದೇ ಅವರ ಚಿಂತೆಯಾಗಿದ್ದಿತು.

ಈ ಭಂಗಿಯ ಮರ್ಮವೇನೆಂದರೆ, ತೂಕವು ತಾನಾಗಿಯೇ ಯಾರನ್ನೂ ಸೋಲಿಸದು. ಅದು ನಮ್ಮ ಎದೆಯ ಮೇಲೆ ಕುಳಿತಾಗ ಮಾತ್ರ ಸೋಲಿಸುವುದು. ಎದೆಯ ಮೇಲೆ ಕುಳಿತ ದೊಡ್ಡವನನ್ನು ಕೈಗಳಿಂದ ತಳ್ಳಹೋದರೆ ತೋಳು ಸೋಲುವುದು, ಉಸಿರು ಕಟ್ಟುವುದು. ಅದೇ ತೂಕವು ಮಡಚಿದ ಮೊಣಕಾಲುಗಳ ಮೇಲೂ ಅಂಗಾಲುಗಳ ಮೇಲೂ ಬಿದ್ದರೆ, ಮಾಡಿನ ಭಾರವನ್ನು ಕಂಬವು ಹೊರುವಂತೆ ನಮ್ಮ ಎಲುಬುಗಳು ಅದನ್ನು ಹೊರುವುವು. ಕಾಲು ಕೈಗಿಂತ ಉದ್ದವಾದದ್ದು, ಬಲವಾದದ್ದು. ಆದುದರಿಂದ ಸಣ್ಣವನು ತನ್ನ ಕಾಲುಗಳನ್ನು ದೊಡ್ಡವನ ಕೈಗಳಿಗೆ ಎದುರಾಗಿ ನಿಲ್ಲಿಸಿದರೆ ಹೋರಾಟವು ಬಹುಮಟ್ಟಿಗೆ ಸಮನಾಗುವುದು.

ಕಾವಲಿನಲ್ಲಿ ಎರಡು ಬಗೆಗಳುಂಟು. ಎದುರಾಳಿಯ ಸೊಂಟವನ್ನು ಕಾಲುಗಳಿಂದ ಬಳಸಿ, ಅವನ ಬೆನ್ನ ಹಿಂದೆ ಪಾದಗಳನ್ನು ಒಂದರ ಮೇಲೊಂದು ಹೆಣೆದು ಹಿಡಿಯುವುದು ಮುಚ್ಚಿದ ಕಾವಲು. ಅವನ ತಲೆಯನ್ನು ತನ್ನ ಎದೆಗೆ ಎಳೆದು ಇರಿಸಿಕೊಂಡರೆ ಅವನಿಗೆ ಗುದ್ದಲು ಬೇಕಾದ ದೂರವು ದೊರೆಯುವುದಿಲ್ಲ. ಆದರೆ ಎದುರಾಳಿಯು ಬಹಳ ದೊಡ್ಡವನಾದರೆ ಇದರಲ್ಲಿ ಎರಡು ತೊಡಕುಗಳಿವೆ. ಗಿಡ್ಡ ಕಾಲುಗಳು ದಪ್ಪ ಸೊಂಟವನ್ನು ಬಳಸಲಾರವು. ಬಳಸಿದರೂ ಅವನು ನಮ್ಮನ್ನು ಎತ್ತಿಕೊಂಡೇ ಎದ್ದುಬಿಡಬಹುದು.

ಹೀಗಿರಲು ಸಣ್ಣ ಮೈಯವರಿಗೆ ತೆರೆದ ಕಾವಲೇ ಹೆಚ್ಚು ಹಿತವಾದದ್ದು. ಅಂಗಾಲುಗಳನ್ನು ಎದುರಾಳಿಯ ಸೊಂಟದ ಎರಡು ಬದಿಗಳಿಗೂ ಊರಬೇಕು, ಇಲ್ಲವೆ ಒಂದು ಮೊಣಕಾಲನ್ನು ಅವನ ಎದೆಗೆ ಅಡ್ಡವಾಗಿ ಕೊಡಬೇಕು. ಕೈಗಳು ಅವನ ಮಣಿಕಟ್ಟನ್ನೋ ಅಂಗಿಯ ತೋಳನ್ನೋ ಹಿಡಿದಿರಬೇಕು. ಬೆನ್ನನ್ನು ಪೂರ್ತಿಯಾಗಿ ನೆಲಕ್ಕೆ ಹಾಸಿ ಮಲಗಬಾರದು. ಒಂದು ಪಕ್ಕಕ್ಕೆ ವಾಲಿರಬೇಕು. ಬೆನ್ನು ಹಾಸಿದವನ ಸೊಂಟವು ಚಲಿಸದು, ಸೊಂಟವು ಚಲಿಸದಿದ್ದರೆ ಕಾಲುಗಳು ಮರಳಿ ನಡುವೆ ಬರಲಾರವು. ಮೊಣಕೈಗಳು ಪಕ್ಕೆಗೆ ಹತ್ತಿರವಾಗಿಯೇ ಇರತಕ್ಕದ್ದು. ಚಾಚಿದ ಕೈಯನ್ನು ದೊಡ್ಡವನು ಹಿಡಿದು ತಿರುಚುವನು.

ಎದುರಾಳಿಯು ಒಂದು ಕಾಲನ್ನು ಬದಿಗೆ ತಳ್ಳಿ ದಾಟಲು ಬಂದಾಗ, ಇನ್ನೊಂದು ಪಾದವನ್ನು ನೆಲಕ್ಕೆ ಊರಿ ಸೊಂಟವನ್ನು ಎತ್ತಿ ಹಿಂದಕ್ಕೆ ಸರಿಸಿ, ತೆರವಾದ ಎಡೆಯಲ್ಲಿ ಮೊಣಕಾಲನ್ನು ತೂರಿಸಬೇಕು. ಮೈಯು ಸೀಗಡಿಯಂತೆ ಮಡಚುವುದರಿಂದ ಜಪಾನಿಯರೂ ಆಂಗ್ಲರೂ ಇದಕ್ಕೆ ಸೀಗಡಿಯ ಹೆಸರನ್ನೇ ಇಟ್ಟಿರುವರು. ಈ ಒಂದು ಚಲನೆಯು ಬಾರದವನಿಗೆ ನೂರು ಪಟ್ಟುಗಳು ಬಂದರೂ ಪ್ರಯೋಜನವಿಲ್ಲ.

ಕೆಳಗಿದ್ದು ತಡೆಯುವುದಷ್ಟೇ ಗುರಿಯಲ್ಲ. ದೊಡ್ಡವನು ಮುಂದಕ್ಕೆ ವಾಲಿದಾಗ ಅವನ ಕಂಕುಳಿನ ಕೆಳಗೆ ನುಸುಳಿ ಬೆನ್ನ ಹಿಂದೆ ಸೇರುವುದು ಒಂದು ದಾರಿ. ಬೆನ್ನ ಹಿಂದಿರುವವನ ಮೇಲೆ ಅವನ ತೂಕವು ಸುಲಭವಾಗಿ ನಡೆಯುವುದಿಲ್ಲ. ಅವನು ಹಿಂದಕ್ಕೆ ಜರುಗಿದಾಗ, ಒಂದು ಕೈಯನ್ನು ಹಿಂದೆ ನೆಲಕ್ಕೆ ಊರಿ, ಒಂದು ಕಾಲಿನಿಂದ ಅವನನ್ನು ದೂರವಿರಿಸಿ, ಇನ್ನೊಂದು ಕಾಲನ್ನು ತನ್ನ ಕೆಳಗೆ ಎಳೆದುಕೊಂಡು ಎದ್ದುಬಿಡುವುದು ಮತ್ತೊಂದು ದಾರಿ. ಮನೆಯ ಮಕ್ಕಳಿಗೆ ಈ ಎರಡನೆಯದೇ ಮುಖ್ಯವೆಂದು ನಮ್ಮ ಅಭಿಪ್ರಾಯ.

ಇದೆಲ್ಲವೂ ಬರಿಯ ಮಾತೆಂದು ಅಜ್ಜಯ್ಯನವರು ಹೇಳಬಹುದು. ಅವರಿಗಾಗಿ ಒಂದು ನಿದರ್ಶನ. 1994ರ ಡಿಸೆಂಬರಿನಲ್ಲಿ ಅಮೆರಿಕದ ಟಲ್ಸಾ ನಗರದಲ್ಲಿ ಹೇಲಿಯೋ ಅವರ ಮಗ ರಾಯ್ಸ್ ಗ್ರೇಸಿಗೂ ಡ್ಯಾನ್ ಸೆವರ್ನ್ ಎಂಬ ಕುಸ್ತಿಪಟುವಿಗೂ ಕಾಳಗವಾಯಿತು. ರಾಯ್ಸ್ ಸುಮಾರು 80 ಕಿಲೋ ತೂಗುವವರು. ಸೆವರ್ನ್ 110 ಕಿಲೋಗಳಿಗೂ ಮೀರಿದವರು. ಸೆವರ್ನ್ ಬೇಗನೆ ಕೆಡವಿ ಮೇಲೇರಿದರು. ನಮ್ಮ ಗರಡಿಯ ಲೆಕ್ಕದಲ್ಲಿ ಅಲ್ಲಿಗೇ ಮುಗಿಯಬೇಕಾಗಿತ್ತು. ರಾಯ್ಸ್ ಬಹು ಹೊತ್ತು ಕೆಳಗೇ ಇದ್ದು, ಕಾಲುಗಳನ್ನು ನಡುವೆ ಇರಿಸಿಕೊಂಡು ಕಾದರು. ಕೊನೆಗೆ 15 ನಿಮಿಷ 49 ಸೆಕೆಂಡುಗಳಾದಾಗ, ಎದುರಾಳಿಯ ಕತ್ತನ್ನೂ ಒಂದು ತೋಳನ್ನೂ ತಮ್ಮ ಕಾಲುಗಳ ತ್ರಿಕೋಣದಲ್ಲಿ ಬಿಗಿದು ಸೋಲನ್ನು ಒಪ್ಪಿಸಿದರು.

ಬ್ರೆಜಿಲಿನ ಜೂಜಿತ್ಸು ಸ್ಪರ್ಧೆಗಳ ನಿಯಮವೂ ಇದನ್ನೇ ಹೇಳುವುದು. ಎದುರಾಳಿಯ ಕಾಲುಗಳ ನಡುವೆ ಸಿಕ್ಕಿರುವವನು ಮೇಲಿದ್ದ ಮಾತ್ರಕ್ಕೆ ಅವನಿಗೆ ಅಂಕವಿಲ್ಲ. ಕಾವಲನ್ನು ದಾಟಿ ಅದುಮಿ ಹಿಡಿದರೆ 3 ಅಂಕ. ಕೆಳಗಿದ್ದವನು ಮೇಲಿನವನನ್ನು ಉರುಳಿಸಿ ತಾನು ಮೇಲೇರಿದರೆ 2 ಅಂಕ. ಎಂದರೆ, ಕಾಲುಗಳು ನಡುವೆ ಇರುವವರೆಗೂ ಸೋಲು ಗೆಲುವು ನಿರ್ಣಯವಾಗಿಲ್ಲವೆಂದು ಅರ್ಥ.

ಆದರೂ ಗಾತ್ರಕ್ಕೆ ಬೆಲೆಯೇ ಇಲ್ಲವೆಂದು ನಾವು ಹೇಳೆವು. 1951ರಲ್ಲಿ ರಿಯೋ ನಗರದಲ್ಲಿ ಹೇಲಿಯೋ ಅವರೇ ಜಪಾನಿನ ಕಿಮುರಾ ಮಸಾಹಿಕೋ ಅವರನ್ನು ಎದುರಿಸಿ ಎರಡನೆಯ ಸುತ್ತಿನಲ್ಲಿ ಸೋತರು. ಕಿಮುರಾ ಅವರಿಗೆ ತೂಕವೂ ಹೆಚ್ಚಾಗಿದ್ದಿತು, ವಿದ್ಯೆಯೂ ಪೂರ್ಣವಾಗಿದ್ದಿತು. ಅಂದು ಅವರು ತೋಳಿಗೆ ಹಾಕಿದ ಪಟ್ಟಿಗೆ ಈಗ ಅವರ ಹೆಸರೇ ನಿಂತಿದೆ. ವಿದ್ಯೆಯು ಸಮನಾದಲ್ಲಿ ದೊಡ್ಡವನಿಗೇ ಮೇಲುಗೈ. ಸ್ಪರ್ಧೆಗಳಲ್ಲಿ ತೂಕದ ವರ್ಗಗಳನ್ನು ಮಾಡಿರುವುದು ಇದಕ್ಕಾಗಿಯೇ.

ಬೀದಿಯ ವಿಷಯದಲ್ಲಂತೂ ಇನ್ನೂ ಎಚ್ಚರವಿರಬೇಕು. ಕಲ್ಲುನೆಲದ ಮೇಲೆ, ಕೈಯಲ್ಲಿ ಆಯುಧವಿದ್ದವನ ಮುಂದೆ, ಒಬ್ಬನಿಗಿಂತ ಹೆಚ್ಚು ಜನರಿದ್ದಲ್ಲಿ ಬೇಕೆಂದೇ ನೆಲಕ್ಕೆ ಹೋಗುವುದು ಅವಿವೇಕ. ಅಲ್ಲಿ ಕಾವಲಿನ ಉಪಯೋಗವು ಒಂದೇ: ಬಿದ್ದುಹೋದರೆ ಏಟನ್ನು ತಡೆದು, ಎದ್ದು, ಓಡಿ, ಕೂಗಿ ಜನರನ್ನು ಸೇರಿಸುವುದು. ಕತ್ತನ್ನು ಬಿಗಿಯುವ ಪಟ್ಟುಗಳು ಮಿದುಳಿಗೆ ಹೋಗುವ ರಕ್ತವನ್ನು ತಡೆದು ಕೆಲವೇ ಕ್ಷಣಗಳಲ್ಲಿ ಎಚ್ಚರ ತಪ್ಪಿಸುವುವು. ಆದುದರಿಂದ ಮಕ್ಕಳು ಮನೆಯಲ್ಲಿ ಅವನ್ನು ಆಟಕ್ಕೂ ಮಾಡಕೂಡದು. ಕಲಿಯುವಲ್ಲಿಯೂ, ಎದುರಾಳಿಯು ಕೈಯಿಂದ ತಟ್ಟಿದೊಡನೆ ಬಿಡತಕ್ಕದ್ದು. ತಾನು ಸಿಕ್ಕಿಬಿದ್ದಾಗ ತಟ್ಟಲು ನಾಚಬಾರದು.

ಇನ್ನು ಪತ್ರ ಬರೆದ ಮಹನೀಯರಿಗೆ ನಮ್ಮ ಉತ್ತರ. ಮಗಳನ್ನು ಬಿಡಿಸಬೇಡಿ. ತೂಕದಲ್ಲಿ ಅವಳಿಗೆ ಹತ್ತಿರವಾದ ಜೊತೆಯನ್ನೂ ಆಗಾಗ್ಗೆ ಒದಗಿಸಬೇಕೆಂದು ಗುರುಗಳನ್ನು ಕೇಳಿಕೊಳ್ಳಿ. ದಿನವೂ ದೊಡ್ಡವರ ಕೆಳಗೇ ಸಿಕ್ಕಿ ನಲುಗುವ ಮಗುವು ವಿದ್ಯೆಗಿಂತ ಮೊದಲು ಅಂಜಿಕೆಯನ್ನು ಕಲಿಯುವುದು. "ಇಂದು ಎಷ್ಟು ಸಲ ಬಿದ್ದೆ?" ಎಂದು ಕೇಳುವುದನ್ನು ಬಿಟ್ಟು, "ಇಂದು ಎಷ್ಟು ಸಲ ಮೊಣಕಾಲನ್ನು ಮರಳಿ ನಡುವೆ ತಂದೆ?" ಎಂದು ಕೇಳಿರಿ. ಮನೆಯಲ್ಲಿ ಜಮಖಾನವನ್ನು ಹಾಸಿ, ಸಂಜೆಯ ಹೊತ್ತು ಎರಡು ಬದಿಗೂ ಇಪ್ಪತ್ತಿಪ್ಪತ್ತು ಸಲ ಆ ಸೀಗಡಿಯ ಚಲನೆಯನ್ನು ಮಾಡಲಿ. ಎಣಿಸುವ ಕೆಲಸವನ್ನು ಅಜ್ಜಯ್ಯನವರಿಗೆ ಒಪ್ಪಿಸಿರಿ. ಸೊಂಟದ ಚಲನೆಯನ್ನು ಬಲ್ಲ ಹಳೆಯ ಜಟ್ಟಿಗಳು ಮೂರು ದಿನ ಸುಮ್ಮನೆ ಎಣಿಸುವರು. ನಾಲ್ಕನೆಯ ದಿನ ತಾವಾಗಿಯೇ ತಿದ್ದಲು ಆರಂಭಿಸುವರೆಂದು ನಮ್ಮ ನಂಬಿಕೆ.